ಗೇಮ್ ಮಾಡಲು ಯಾವ ಭಾಷೆ? ಮೊದಲು ಯಾವ ಗೇಮ್ ಅಂತ ಹೇಳಿ

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ಕೂಡಲೇ ನನಗೆ ಊರಿನಿಂದ ಫೋನ್ ಶುರುವಾಗುತ್ತದೆ. ಬೆಂಗಳೂರಿನಲ್ಲಿ ಮೊಬೈಲ್ ಗೇಮ್ ಮಾಡುವ ಕೆಲಸದಲ್ಲಿದ್ದೇನೆ ಅಂತ ಎಲ್ಲರಿಗೂ ಗೊತ್ತು. "ನಮ್ಮ ಹುಡುಗಿ ಗೇಮ್ ಮಾಡ್ತೀನಿ ಅಂತಾಳೆ, ಯಾವ ಲ್ಯಾಂಗ್ವೇಜ್ ಕಲಿಸೋಣ, ಸಿ ಪ್ಲಸ್ ಪ್ಲಸ್ ಕ್ಲಾಸಿಗೆ ಸೇರಿಸಿಬಿಡಲಾ?" ಈ ಪ್ರಶ್ನೆ ತುಂಬಾ ಜನರಿಗೆ ಇದೆ ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ನೇರವಾಗಿ ಹೇಳುತ್ತೇನೆ. ಕಲಿಯುವ ಮೊದಲ ಪ್ರೋಗ್ರಾಮಿಂಗ್ ಭಾಷೆ ಯಾವುದು ಅನ್ನೋದಕ್ಕೆ ಜನ ಕೊಡುವಷ್ಟು ತೂಕ ಅದಕ್ಕಿಲ್ಲ. ಮೈನ್‌ಕ್ರಾಫ್ಟ್ ಶುರುವಾಗಿದ್ದು ಜಾವಾದಲ್ಲಿ. "ಗೇಮಿಗೆ ಜಾವಾ ನಿಧಾನ" ಅನ್ನುವವರು ಆಗಲೂ ಇದ್ದರು. ಆಟ ಗೆದ್ದಿತು. ಫೋನಿನಲ್ಲಿ ಮಕ್ಕಳು ಈಗ ಆಡುವ ಮೈನ್‌ಕ್ರಾಫ್ಟ್ ಬೇರೆಯಾಗಿ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ವ್ಯಾಂಪೈರ್ ಸರ್ವೈವರ್ಸ್ ಮೊದಲು ಬಂದಿದ್ದು ಜಾವಾಸ್ಕ್ರಿಪ್ಟ್‌ನಲ್ಲಿ, ಬ್ರೌಸರ್‌ನಲ್ಲಿ ಆಡುವ ಆಟವಾಗಿ, ಆಮೇಲೆ 2023ರಲ್ಲಿ ಯೂನಿಟಿ ಎಂಬ ಗೇಮ್ ಎಂಜಿನ್ನಿಗೆ (ಆಟ ಕಟ್ಟಲು ಬೇಕಾದ ಸಲಕರಣೆಗಳೆಲ್ಲ ಇರುವ ಸಾಫ್ಟ್‌ವೇರ್) ಹೋಯಿತು. 2024ರಲ್ಲಿ ಎಲ್ಲರೂ ಮಾತಾಡಿದ ಬಲಾಟ್ರೋ ಲುವಾ ಎಂಬ ಪುಟ್ಟ ಭಾಷೆಯಲ್ಲಿದೆ. ಸ್ಟಾರ್‌ಡ್ಯೂ ವ್ಯಾಲಿಯನ್ನು ಒಬ್ಬನೇ ಮನುಷ್ಯ ಕೂತು ಸಿ ಶಾರ್ಪ್‌ನಲ್ಲಿ ಬರೆದ, ನಾಲ್ಕು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈ ಆಟಗಳನ್ನು ಕೊಂಡ ಯಾರಾದರೂ ಇದು ಯಾವ ಭಾಷೆಯಲ್ಲಿದೆ ಅಂತ ಕೇಳಿ ಕೊಂಡಿದ್ದಾರಾ?

ಹಾಗಂತ ಯಾವುದಾದರೂ ನಡೆಯುತ್ತದೆ ಅಂತಲೂ ಅಲ್ಲ. ಮೂರು ವಿಷಯ ನೋಡಬೇಕು: ಯಾವ ಥರದ ಆಟ, ಮನೆಯಲ್ಲಿ ಯಾವ ಕಂಪ್ಯೂಟರ್, ಕಲಿಯುವುದು ಖುಷಿಗೋ ಕೆಲಸಕ್ಕೋ.

ಹುಡುಗರೆಲ್ಲ ಹೇಳೋದು ಬಿಜಿಎಂಐ, ಅಂದರೆ ಪಬ್‌ಜಿಯ ಭಾರತದ ಆವೃತ್ತಿ. ಅದು ಅನ್‌ರಿಯಲ್ ಎಂಜಿನ್ನಿನ ಆಟ, ಒಳಗಿರುವುದು ಸಿ ಪ್ಲಸ್ ಪ್ಲಸ್, ಹಿಂದೆ ದೊಡ್ಡ ತಂಡ. ಅನ್‌ರಿಯಲ್ ಇಳಿಸಿಕೊಳ್ಳಲು ಹತ್ತಾರು ಜಿಬಿ ಜಾಗ ಬೇಕು, ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬೇಕು. 4 ಜಿಬಿ ರ್ಯಾಮ್‌ನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದ ಶುರು ಮಾಡಿದರೆ ಮಗು ಕಲಿಯೋದು ಕಾಯೋದನ್ನು ಮಾತ್ರ.

ಅಂಥ ಲ್ಯಾಪ್‌ಟಾಪ್ ಇರುವವರಿಗೆ ನಾನು ಗೊಡೊ ಹೇಳುತ್ತೇನೆ. ಅರ್ಜೆಂಟೀನಾದ ಇಬ್ಬರು ಶುರು ಮಾಡಿದ ಎಂಜಿನ್, 2014ರಿಂದ ಎಲ್ಲರಿಗೂ ಮುಕ್ತ. ನೂರು ಎಂಬಿ ಆಸುಪಾಸಿನ ಫೈಲು, ಇನ್‌ಸ್ಟಾಲ್ ಕೂಡ ಬೇಡ. ಜಿಡಿಸ್ಕ್ರಿಪ್ಟ್ ಅನ್ನೋ ಅದರ ಭಾಷೆ ನೋಡಲು ಪೈಥಾನ್ ಥರವೇ ಇದೆ, ಶಾಲೆಯಲ್ಲಿ ಸ್ವಲ್ಪ ಪೈಥಾನ್ ಕಲಿತವರಿಗೆ ಹೊಸದು ಅನ್ನಿಸುವುದಿಲ್ಲ. ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ, ಕೈಬೆರಳು ನೋಯುತ್ತದೆ, ಅದು ಬೇರೆ ಮಾತು.

ಕೆಲಸವೇ ಗುರಿ ಎಂದರೆ ಸಿ ಶಾರ್ಪ್ ಮತ್ತು ಯೂನಿಟಿ. ಮೊಬೈಲ್ ಗೇಮ್ ಕಂಪನಿಗಳಲ್ಲಿ ಕೇಳೋದು ಹೆಚ್ಚಾಗಿ ಅದನ್ನೇ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿಯವರು ಆಟ ಇನ್‌ಸ್ಟಾಲ್ ಆದ ಲೆಕ್ಕಕ್ಕೆ ದುಡ್ಡು ಕೇಳುತ್ತೇವೆ ಎಂದು ಹೊರಟು ಗಲಾಟೆಯಾಯಿತು, ಮರುವರ್ಷ ಅದನ್ನು ಕೈಬಿಟ್ಟರು. ಆ ಭಯ ಇನ್ನೂ ಕೆಲವರಿಗಿದೆ. ಆದರೆ ಕಲಿತ ಸಿ ಶಾರ್ಪ್ ಎಲ್ಲೂ ಹೋಗುವುದಿಲ್ಲ, ಗೊಡೊದಲ್ಲೂ ಅದರಲ್ಲೇ ಬರೆಯಬಹುದು. ಸಿ ಪ್ಲಸ್ ಪ್ಲಸ್ ಆಮೇಲೆ, ಎಂಜಿನ್ನಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡುವ ಹುಚ್ಚು ಹತ್ತಿದವರಿಗೆ. ಪಾಯಿಂಟರ್‌ನಿಂದ (ಮೆಮೊರಿಯ ವಿಳಾಸ ಹಿಡಿದು ಕೆಲಸ ಮಾಡುವ ಕಷ್ಟದ ಪಾಠ) ಶುರು ಮಾಡಿಸಿ ಮೂರನೇ ವಾರಕ್ಕೆ ಮಕ್ಕಳನ್ನು ಓಡಿಸುವ ಕ್ಲಾಸುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೇರುವ ಮೊದಲು ಒಂದೇ ಒಂದು ಕೇಳಿ: ಹಿಂದಿನ ಬ್ಯಾಚಿನವರು ಪೂರ್ತಿ ಮಾಡಿದ ಒಂದು ಆಟ ತೋರಿಸಿ, ಈಗಲೇ ಆಡಿ ನೋಡುತ್ತೇನೆ.

ಇನ್ನು ಮೊದಲ ಆಟ. ದಯವಿಟ್ಟು ಚಿಕ್ಕದಿರಲಿ. ನಮ್ಮಲ್ಲೇ ಚಿನ್ನದಂಥವು ಇವೆ. ಅಳಗುಳಿಮನೆ ತೆಗೆದುಕೊಳ್ಳಿ, ಎರಡು ಸಾಲು, ಸಾಲಿಗೆ ಏಳು ಗುಳಿ. ಕೋಡ್‌ನಲ್ಲಿ ಅದು 14 ಸಂಖ್ಯೆಗಳ ಒಂದು ಪಟ್ಟಿ, ಅಷ್ಟೇ. ಒಂದು ಗುಳಿ ಖಾಲಿ ಮಾಡಿ ಮುಂದಿನ ಗುಳಿಗಳಿಗೆ ಒಂದೊಂದೇ ಕಾಳು ಹಾಕುತ್ತಾ ಹೋಗಬೇಕು, ಕೊನೆಯ ಗುಳಿ ದಾಟಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬರಬೇಕು, ಲೂಪ್ ಅಂದರೇನು, ಭಾಗಾಕಾರದ ಶೇಷ ಯಾಕೆ ಬೇಕು ಅನ್ನೋದೆಲ್ಲ ಇಷ್ಟರಲ್ಲೇ ಬಂದುಬಿಡುತ್ತದೆ.

ಚೌಕಾಬಾರ ಇನ್ನೂ ಮಜಾ. ಮನೆಗಳು ಐದು ಇಂಟು ಐದು, ಕವಡೆ ನಾಲ್ಕು. ಇಲ್ಲಿ ಎಲ್ಲರೂ ಮಾಡುವ ಕೆಲಸ ಏನಂದರೆ 1, 2, 3, 4, 8 ಇವುಗಳಲ್ಲಿ ಒಂದನ್ನು ಸುಮ್ನೆ ಆರಿಸು ಅಂತ ಕಂಪ್ಯೂಟರಿಗೆ ಹೇಳೋದು. ಆಡಿ ನೋಡಿದರೆ ಆಟ ಕೆಟ್ಟಿರುತ್ತದೆ, ಮಾತೆತ್ತಿದರೆ ಎಂಟು ಬೀಳುತ್ತದೆ, ಎಂಟು ಬಿದ್ದರೆ ಮತ್ತೊಂದು ಸಲ ಆಡುವ ಹಕ್ಕು ಬೇರೆ. ಕಾರಣ ಸುಲಭ. ಒಂದೊಂದು ಕವಡೆಯೂ ಬೇರೆ ಬೇರೆಯಾಗಿ ಬೀಳುತ್ತದೆ, ಎಷ್ಟು ಅಂಗಾತವೋ ಅಷ್ಟು ಲೆಕ್ಕ, ನಾಲ್ಕೂ ಬೋರಲಾದರೆ ಎಂಟು. ಅಂಗಾತ, ಬೋರಲು ಎರಡಕ್ಕೂ ಸಮ ಅವಕಾಶ ಅಂದುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ 16. ಅದರಲ್ಲಿ ಎರಡು ಬರುವುದು 6 ಬಗೆಯಲ್ಲಿ, ಒಂದು ಮತ್ತು ಮೂರು 4-4, ನಾಲ್ಕು ಒಂದೇ ಬಗೆ, ಎಂಟೂ ಒಂದೇ ಬಗೆ. ಆದ್ದರಿಂದ ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಉರುಳಿಸಿ ಆಮೇಲೆ ಎಣಿಸಬೇಕು. ಗೇಮ್ ಮಾಡೋದು ಅಂದರೆ ಇಂಥ ಯೋಚನೆ. ಇದು ಪೈಥಾನ್‌ನಲ್ಲೂ ಇದೇ, ಸಿ ಶಾರ್ಪ್‌ನಲ್ಲೂ ಇದೇ. ಮತ್ತೆ ಚಿತ್ರ ಬರೆಯಲು ಬಾರದವರೂ ಇವನ್ನು ಮುಗಿಸಬಹುದು, ಮುಗಿಸೋದೇ ದೊಡ್ಡದು.

ಕೊನೆಯದಾಗಿ ನಮಗೇ ಇರುವ ಒಂದು ತಲೆನೋವು. ಇದನ್ನು ಇಂಗ್ಲಿಷ್ ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ. ಆಟದೊಳಗೆ ಕನ್ನಡ ಅಕ್ಷರ ತೋರಿಸಬೇಕು ಎಂದರೆ ಎಂಜಿನ್ ಆರಿಸುವಾಗಲೇ ಯೋಚಿಸಿ. ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಸೇರಿ ಒಂದು ಅಕ್ಷರವಾಗಬೇಕಲ್ವಾ, ಆ ಜೋಡಣೆ ಮಾಡುವ ಭಾಗ ಎಂಜಿನ್ನಿನಲ್ಲಿ ಇರಬೇಕು. ಯೂನಿಟಿಯಲ್ಲಿ ಜಾಸ್ತಿ ಜನ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಇದನ್ನು ಸರಿಯಾಗಿ ಮಾಡುವುದಿಲ್ಲ, ಒತ್ತಕ್ಷರ ಒಡೆದು ಪಕ್ಕದಲ್ಲಿ ಬಿದ್ದಿರುತ್ತದೆ. ಹಾಗಾಗಿ ಎಷ್ಟೋ ಕಡೆ ಕನ್ನಡದ ಮಾತುಗಳನ್ನು ಚಿತ್ರ ಮಾಡಿ ಅಂಟಿಸುತ್ತಾರೆ, ಒಂದು ಅಕ್ಷರ ತಪ್ಪಿದರೆ ಚಿತ್ರವೇ ಹೊಸದು ಮಾಡಬೇಕು. ಗೊಡೊ 3ರಲ್ಲೂ ಇದೇ ಕಷ್ಟವಿತ್ತು, 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4ರಲ್ಲಿ ಸರಿಯಾಯಿತು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಆಟ ಮಾಡುವವರಿಗೆ ಈ ಗೋಳೇ ಇಲ್ಲ, ಅಕ್ಷರ ಜೋಡಿಸುವ ಕೆಲಸ ಬ್ರೌಸರೇ ಮಾಡುತ್ತದೆ.

ಅದಕ್ಕೇ ಯಾವ ಎಂಜಿನ್ ತೆಗೆದುಕೊಂಡರೂ ಮೊದಲ ದಿನವೇ ಪರದೆ ಮೇಲೆ "ಸ್ತ್ರೀ, ರಾಷ್ಟ್ರ, ಲಕ್ಷ್ಮಿ" ಅಂತ ಬರೆದು ನೋಡಿ. ಕಂಪ್ಯೂಟರಿನಲ್ಲಿ ನೋಡಿದ್ದು ಸಾಲದು, ಫೋನಿಗೆ ಹಾಕಿ ಅಲ್ಲೂ ನೋಡಿ. ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಒಂದನ್ನು ಆಟದ ಫೋಲ್ಡರ್ ಒಳಗೇ ಇಡಿ, ಆಡುವವರ ಫೋನಿನಲ್ಲಿ ಹೇಗೂ ಇರುತ್ತದೆ ಅಂತ ನಂಬಿ ಕೂರಬೇಡಿ.

– ಒಬ್ಬ ಓದುಗ, ಬೆಂಗಳೂರು