ಶಾಸಕರೇ, ನಮ್ಮ ಮಕ್ಕಳ ಬಸ್ ಮುಟ್ಟಬೇಡಿ

ಮಾನ್ಯ ಶಾಸಕರಿಗೆ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯನ ನಮಸ್ಕಾರ.

ಮೂರು ವರ್ಷದಿಂದ ಬಸ್ ಸಿಗದೆ ನಮ್ಮ ಶಾಲೆಯ ಹಂಪಿ ಪ್ರವಾಸ ಮುಂದಕ್ಕೆ ಹೋಗುತ್ತಲೇ ಇದೆ. ಇಷ್ಟು ದಿನ ಸುಮ್ನೆ ಇದ್ದೆ. ಈ ಸಲ ಆಗಲಿಲ್ಲ.

ಹೊಳೆಯ ಈ ಕಡೆ ಆನೆಗೊಂದಿ, ಆ ಕಡೆ ಹಂಪಿ. ವಿಜಯನಗರ 1336ರಲ್ಲಿ ಶುರುವಾಯಿತು, 1565ರಲ್ಲಿ ಯುದ್ಧ ಸೋತಿತು ಅಂತ ಏಳನೇ ಕ್ಲಾಸಿನ ನನ್ನ ಮಗಳು ಗಡಗಡ ಒಪ್ಪಿಸುತ್ತಾಳೆ. ಕಮಲ ಮಹಲು, ಆನೆ ಲಾಯ ಮಾತ್ರ ಕಂಡಿಲ್ಲ. ಅಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೂ ಇಲ್ಲ. ಬೇಕಾಗಿದ್ದು ಒಂದು ಬಸ್ಸು, ಅಷ್ಟೇ.

ತಲಾ 250 ರೂಪಾಯಿ ಕೂಡಿಸಿ ಮುಂಗಡ ಕಟ್ಟಿದ್ದೆವು. ಎಷ್ಟೋ ಮನೆಯಲ್ಲಿ ಅದು ತಾಯಂದಿರು ಮೆಣಸಿನಕಾಯಿ ಬಿಡಿಸಿದ ಕೂಲಿ ದುಡ್ಡು. ಬಸ್ ಬರಬೇಕಿದ್ದುದು ಬೆಳಿಗ್ಗೆ ಆರಕ್ಕೆ. ಮಕ್ಕಳು ಐದಕ್ಕೇ ಸ್ವೆಟರ್ ಹಾಕಿಕೊಂಡು, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಏಳಾಯಿತು, ಎಂಟಾಯಿತು. ಹೆಡ್‌ಮಾಸ್ತರ್ ಫೋನ್ ಮೇಲೆ ಫೋನ್ ಮಾಡಿದರು. ಒಂಬತ್ತಕ್ಕೆ ಉತ್ತರ ಬಂತು: "ಬಸ್ ಸಮಾವೇಶಕ್ಕೆ ಹೋಗೈತ್ರಿ, ಮೇಲಿಂದ ಆರ್ಡರ್."

ಅಷ್ಟರಲ್ಲಿ ಅದೇ ರಸ್ತೆಯಲ್ಲಿ ನಾಲ್ಕು ಬಸ್ ಸಾಲಾಗಿ ಬಂದವು. ನಮ್ಮದೇ ಬಂತು ಅಂತ ಮಕ್ಕಳು ಚಪ್ಪಾಳೆ ಹೊಡೆದರು. ನಿಲ್ಲಲಿಲ್ಲ. ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ ನೀವು ಕೈ ಮುಗಿದು ನಗುತ್ತಿದ್ದಿರಿ. ಅರ್ಧ ಸೀಟು ಖಾಲಿ ಇದ್ದವು, ಅದನ್ನೂ ಹೇಳಿಬಿಡುತ್ತೇನೆ.

ಐದನೇ ಕ್ಲಾಸಿನ ಹುಡುಗನೊಬ್ಬ ಖರ್ಚಿಗೆ ಕೊಟ್ಟಿದ್ದ 50ರ ನೋಟು ಬಿಚ್ಚಿ, ಹಿಂದಿರುವ ಕಲ್ಲಿನ ರಥ ತೋರಿಸಿ ಕೇಳಿದ: "ಸರ, ಇದು ನಾಳೆನೂ ಅಲ್ಲೇ ಇರ್ತೈತಲ್ರೀ?" ಮೇಷ್ಟ್ರು ಮುಖ ಆ ಕಡೆ ತಿರುಗಿಸಿದರು.

ಟೆಂಪೋ ಮಾಡಿಕೊಂಡು ಹೋಗೋಣ ಅಂದರೆ ಆಗಲ್ಲ, ನಿಯಮ ನಿಮಗೇ ಗೊತ್ತಲ್ವಾ. ಶಾಲೆ ಪ್ರವಾಸಕ್ಕೆ ಸರ್ಕಾರಿ ಬಸ್ಸೇ ಬೇಕು, ಆ ಸರ್ಕಾರಿ ಬಸ್ಸು ನಿಮಗೆ ಬೇಕು. ಯಾವ ಪಕ್ಷ ಅಂತ ನಾನು ಹೇಳಲ್ಲ, ಈ ವಿಷಯದಲ್ಲಿ ಎಲ್ಲರೂ ಅಣ್ಣತಮ್ಮಂದಿರೇ.

ಜಾಸ್ತಿ ಏನೂ ಕೇಳುತ್ತಿಲ್ಲ. ಶಾಲೆ ಬುಕ್ ಮಾಡಿದ ಬಸ್ ಮುಟ್ಟಬೇಡಿ. ಸಮಾವೇಶ ಮಾಡಿ, ಹಾರ ಹಾಕಿಸಿಕೊಳ್ಳಿ, ನಮ್ಮ ತಕರಾರಿಲ್ಲ. ಶಾಲೆಯ ಬಸ್ ಮುಟ್ಟಬೇಡಿ.

ಮುಂಗಡದ ರಸೀದಿ ಇನ್ನೂ ಹೆಡ್‌ಮಾಸ್ತರ್ ಟೇಬಲ್ಲಿನ ಡ್ರಾಯರಿನಲ್ಲಿದೆ. ಪರೀಕ್ಷೆ ಹತ್ತಿರ ಬಂತು, ನನ್ನ ಮಗಳಿಗೆ ಈ ಶಾಲೆಯಲ್ಲಿ ಇದೇ ಕೊನೆಯ ವರ್ಷ. ನಿಮ್ಮ ಕಾರ್ಯಕ್ರಮ ಯಾವುದೂ ಇಲ್ಲದ ಒಂದು ದಿನ ಹೇಳಿ, ಬುತ್ತಿ ಮತ್ತೆ ಕಟ್ಟುತ್ತೇವೆ.