ಗೋಡೆ ಒಡೆಯುವ ಮುನ್ನ ಮಾಳಿಗೆ ನೋಡಿ

ಸಂಪಾದಕರಿಗೆ,

ಮಾನ್ಯರೆ,

ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೆಯ ಓಣಿಗಳಲ್ಲಿ ರಸ್ತೆಗೆ ಮುಖಮಾಡಿದ ಮನೆಗಳ ಮುಂದಿನ ಕೋಣೆಗಳು ಒಂದೊಂದಾಗಿ ಅಂಗಡಿಗಳಾಗುತ್ತಿವೆ. ನಡುಗೋಡೆ ತೆಗೆದು ಎರಡು ಕೋಣೆ ಕೂಡಿಸಿದರೆ ಬಾಡಿಗೆ ಹೆಚ್ಚು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಭಯ ಹುಟ್ಟಿಸುವುದು ಆ ಗೋಡೆ ತೆಗೆಯಬಹುದೇ ಎಂದು ತೀರ್ಮಾನಿಸುವ ರೀತಿ. ಗೋಡೆ ತಟ್ಟಿ ಸದ್ದು ಕೇಳುತ್ತಾರೆ, ಟೇಪು ಹಿಡಿಯುತ್ತಾರೆ, ‘ನಾಲ್ಕೂವರೆ ಇಂಚಿಂದು, ಏನೂ ಆಗಂಗಿಲ್ಲ’ ಎನ್ನುತ್ತಾರೆ. ಮಧ್ಯಾಹ್ನದೊಳಗೆ ಗೋಡೆ ನೆಲದ ಮೇಲಿರುತ್ತದೆ.

ಸದ್ದು ಏನನ್ನೂ ಹೇಳುವುದಿಲ್ಲ. ಬೂದಿ ಇಟ್ಟಂಗಿಗೆ ಒಂದು ಸದ್ದು, ಸುಟ್ಟ ಇಟ್ಟಂಗಿಗೆ ಇನ್ನೊಂದು, ಗಾರೆ ಬಿಟ್ಟ ಜಾಗಕ್ಕೆ ಮತ್ತೊಂದು. ದಪ್ಪ ಒಂದು ಸುಳಿವು ನಿಜ. ಗಾರೆ ಸೇರಿ 10 ಇಂಚು ಬಂದರೆ ಅದು 9 ಇಂಚಿನ ಗೋಡೆ, ಐದೂವರೆ ಬಂದರೆ ನಾಲ್ಕೂವರೆಯದು. ಆದರೆ ಸಿಮೆಂಟ್ ಬ್ಲಾಕಿನ ಆರಿಂಚು ಗೋಡೆಯ ಮೇಲೆಯೇ ಸ್ಲ್ಯಾಬ್ ಕೂರಿಸಿದ ಸಣ್ಣ ಮನೆಗಳಿವೆ. ಪಿಲ್ಲರ್–ಬೀಮಿನ ಮನೆಯಲ್ಲಿ 9 ಇಂಚಿನ ಗೋಡೆ ತನ್ನ ಭಾರವನ್ನಷ್ಟೇ ಹೊತ್ತು ನಿಂತಿರುವುದೂ ಉಂಟು. ಕೇಳಬೇಕಾದ ಪ್ರಶ್ನೆ ಒಂದೇ: ಮಾಳಿಗೆಯ, ಅಂದರೆ ಚಾವಣಿಯ, ಭಾರ ಯಾವುದರ ಮೇಲೆ ಇಳಿದು ಪಾಯ ಸೇರುತ್ತದೆ? ನಮ್ಮ ಭಾಗದಲ್ಲಿ ಮೂರು ಬಗೆಯ ಮಾಳಿಗೆಗಳಿವೆ, ಮೂರಕ್ಕೂ ಉತ್ತರ ಬೇರೆ.

ಮಣ್ಣಿನ ಮಾಳಿಗೆಯಲ್ಲಿ ತೊಲೆಯ ತುದಿ ಯಾವ ಗೋಡೆಯೊಳಗೆ ಹೊಕ್ಕಿದೆ ಎಂಬುದನ್ನು ಕಣ್ಣಾರೆ ನೋಡಬೇಕು. ಸಣ್ಣ ಕೋಣೆಗಳಲ್ಲಿ ತೊಲೆ ಇರುವುದೇ ಇಲ್ಲ, ಜಂತಿಗಳು ನೇರವಾಗಿ ಗೋಡೆಯ ಮೇಲೆ ಕೂತಿರುತ್ತವೆ. ಕೆಳಗೆ ಹೊಡೆದ ಪಿವಿಸಿ ಅಥವಾ ಪ್ಲೈವುಡ್ ಸೀಲಿಂಗ್ ಬಿಚ್ಚದೆ ಇದು ಗೊತ್ತಾಗದು. ಒಣಗಿದ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕೆ.ಜಿ. ತೂಗುತ್ತದೆ. ಒಂದಡಿ ದಪ್ಪದ ಮಣ್ಣಿದ್ದರೆ 10 ಅಡಿಗೆ 12 ಅಡಿಯ ಕೋಣೆಯ ಮೇಲೆ 5 ಟನ್ನಿಗೂ ಹೆಚ್ಚು ಭಾರ. ಮಳೆಗಾಲಕ್ಕೆ ಮುಂಚೆ ಹಳೆಯದರ ಮೇಲೆಯೇ ಹೊಸ ಸವಳು ಮಣ್ಣು ಹಾಕುತ್ತ ಬಂದಿದ್ದರೆ ದಪ್ಪ ಇನ್ನೂ ಬೆಳೆದಿರುತ್ತದೆ, ನೆನೆದರೆ ತೂಕವೂ ಏರುತ್ತದೆ. ಇಂಥ ಮನೆಗಳ ಕಲ್ಲಿನ ಗೋಡೆ ಹೊರಗೆರಡು ಮೈ, ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿದ್ದು. ತೂತು ಹೊಡೆದರೆ ನಡುವಿನದ್ದು ಉದುರುತ್ತಲೇ ಹೋಗುತ್ತದೆ. ಇಟ್ಟಂಗಿ ಗೋಡೆಯ ಹಾಗೆ ಅದು ತೂತಿನ ಮೇಲೆ ತಾನೇ ಕಚ್ಚಿಕೊಂಡು ನಿಲ್ಲುವುದಿಲ್ಲ.

ಬಂಡೆ ಅಥವಾ ಫರ್ಸಿ (ತೆಳು ಚಪ್ಪಡಿ ಕಲ್ಲು) ಹಾಸಿದ ಮಾಳಿಗೆಯಲ್ಲಿ ಗೋಡೆಯ ನೆತ್ತಿಯ ಮೇಲೆ ಎರಡು ಬಂಡೆಗಳ ತುದಿ ಕೂಡುವ ಸಂದು ಇದ್ದರೆ ಮುಗಿಯಿತು, ಎರಡೂ ಬಂಡೆಗಳಿಗೆ ಆಸರೆ ಆ ಗೋಡೆಯೇ. ಸಂದು ಕೆಳಗಿನಿಂದ ಕಾಣದಿದ್ದರೆ ಮಾಳಿಗೆ ಹತ್ತಿ ಗಚ್ಚು ಕೆದಕಿ ನೋಡಬೇಕು. ಗರ್ಡರ್ ಮೇಲೆ ಫರ್ಸಿ ಹಾಸಿದ್ದರೆ ಗರ್ಡರಿನ ತುದಿ ಕೂತ ಗೋಡೆಯನ್ನು ಮುಟ್ಟುವ ಹಾಗಿಲ್ಲ. ಕಲ್ಲು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಮುರಿಯುತ್ತದೆ.

ಜನ ಹೆಚ್ಚು ಮೋಸಹೋಗುವುದು ಆರ್‌ಸಿಸಿ ಸ್ಲ್ಯಾಬಿನ ಮನೆಯಲ್ಲಿ. ‘ಸ್ಲ್ಯಾಬ್ ಒಂದೇ ತುಂಡು, ನಾಲ್ಕು ಕಡೆ ಹೊರಗೋಡೆ ಹಿಡಿದಿರುತ್ತೆ’ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಅದು ಅಪಾಯದ ಮಾತು. ಎರಡೂ ಪಕ್ಕ 10 ಅಡಿ ಅಗಲದ ಉದ್ದನೆಯ ಕೋಣೆಗಳಿದ್ದರೆ ನಡುಗೋಡೆಯ ಒಂದೊಂದು ಅಡಿಯೂ ಸುಮಾರು 10 ಚದರಡಿ ಸ್ಲ್ಯಾಬನ್ನು ಹೊತ್ತಿರುತ್ತದೆ. 5 ಇಂಚಿನ ಸ್ಲ್ಯಾಬ್ ಮೇಲಿನ ಗಾರೆ ಸೇರಿ ಚದರಡಿಗೆ 40 ಕೆ.ಜಿ. ಹತ್ತಿರ. ಅಂದರೆ 10 ಅಡಿ ಗೋಡೆ ತೆಗೆದಾಗ ಆಸರೆ ತಪ್ಪುವುದು 4 ಟನ್ ಭಾರಕ್ಕೆ. ಜನರ ಭಾರ, ನೀರಿನ ಟ್ಯಾಂಕು ಇದರಲ್ಲಿ ಸೇರಿಲ್ಲ. ನಲ್ಲಿ ನೀರು ದಿನವೂ ಬರದ ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ 1000 ಲೀಟರಿನ ಟ್ಯಾಂಕು ಇದ್ದೇ ಇರುತ್ತದೆ, ತುಂಬಿದಾಗ ಅದೇ ಒಂದು ಟನ್.

ಸ್ಲ್ಯಾಬಿನೊಳಗಿನ ಕಬ್ಬಿಣದ ಸರಳಿನ ಮಾತು ಇನ್ನೂ ಮುಖ್ಯ. ಗೋಡೆಯ ನೆತ್ತಿಯಲ್ಲಿ ಸ್ಲ್ಯಾಬಿನ ಮೇಲ್ಭಾಗ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಕ್ರ್ಯಾಂಕ್ ಮಾಡಿದ, ಅಂದರೆ ಓರೆಯಾಗಿ ಬಗ್ಗಿಸಿದ, ಸರಳುಗಳು ಗೋಡೆ ಹತ್ತಿರ ಬರುತ್ತಲೇ ಮೇಲೆ ಏರಿರುತ್ತವೆ, ಆ ಜಾಗದಲ್ಲಿ ಕೆಳಗಿನ ಸರಳು ಕಡಿಮೆ. ಗೋಡೆ ತೆಗೆದ ಕೂಡಲೇ ಅದೇ ಜಾಗ 20 ಅಡಿ ಅಂತರದ ನಟ್ಟನಡುವಾಗುತ್ತದೆ, ಎಳೆತ ಕೆಳಮುಖಕ್ಕೆ ಬರುತ್ತದೆ. ಸರಳು ಬೇಕಾದಲ್ಲಿ ಇಲ್ಲ, ಇರುವಲ್ಲಿ ಬೇಕಿಲ್ಲ. ಎರಡು ತುದಿಯಲ್ಲಷ್ಟೇ ಆಸರೆ ಇರುವ ಸ್ಲ್ಯಾಬಿನಲ್ಲಿ ಅಂತರ ಇಮ್ಮಡಿಯಾದರೆ ನಡುವೆ ಬಾಗಿಸುವ ಬಲ ನಾಲ್ಕು ಪಟ್ಟಾಗುತ್ತದೆ, ಜೋಲುವುದು 16 ಪಟ್ಟು. ಕೋಣೆಯ ಉದ್ದ ಅಗಲದ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ಸ್ಲ್ಯಾಬ್ ನಾಲ್ಕೂ ಗೋಡೆಗಳಿಗೆ ಭಾರ ಹಂಚುತ್ತದೆ. ಹಾಗಾಗಿ ಪಿಲ್ಲರಿಲ್ಲದ ಮನೆಯಲ್ಲಿ, ಸ್ಲ್ಯಾಬಿಗೆ ತಾಗಿದ ಒಳಗೋಡೆ ಭಾರ ಹೊತ್ತಿದೆ ಎಂದೇ ಹಿಡಿಯಬೇಕು.

ಪರೀಕ್ಷೆಗೆ ಅರ್ಧ ದಿನ ಸಾಕು. ಗೋಡೆ ಮತ್ತು ಸೀಲಿಂಗ್ ಕೂಡುವಲ್ಲಿ 4 ಇಂಚು ಅಗಲಕ್ಕೆ, ಒಂದೆರಡಡಿ ಉದ್ದಕ್ಕೆ ಗಾರೆ ಕೆತ್ತಿಸಿ. ಇಟ್ಟಂಗಿಯ ಮೇಲೆ ನೇರ ಸ್ಲ್ಯಾಬ್ ಕೂತಿದೆಯೋ, ನಡುವೆ ಬೀಮ್ ಇದೆಯೋ ಕಾಣುತ್ತದೆ. ಬಾಗಿಲ ಮೇಲೆ 7 ಅಡಿ ಎತ್ತರದಲ್ಲಿ ಹಾಯುವ ಲಿಂಟಲನ್ನು ಬೀಮ್ ಎಂದು ತಿಳಿಯಬೇಡಿ. ಮೂಲೆಗಳಲ್ಲೂ ಕೆತ್ತಿಸಿ, ಪಿಲ್ಲರ್ ಇದ್ದರೆ ಕಾಂಕ್ರೀಟ್ ಸಿಗುತ್ತದೆ. ಮುಂದಿನ ಪೋರ್ಟಿಕೋಗೆ ಮಾತ್ರ ಎರಡು ಪಿಲ್ಲರ್ ಕೊಟ್ಟು ಹಿಂದೆಲ್ಲ ಗೋಡೆಯ ಮೇಲೆ ಕಟ್ಟಿದ ಮನೆಗಳು ಬಹಳ, ಮುಂದಿನದನ್ನು ನೋಡಿ ಇಡೀ ಮನೆ ಪಿಲ್ಲರಿನದು ಎನ್ನಬಾರದು. ಗೋಡೆಯ ಬುಡದಲ್ಲಿ ಒಂದಡಿ ಚೌಕದ ಗುಂಡಿ ತೋಡಿಸಿ. ಸೈಜುಗಲ್ಲಿನ ಪಾಯ ಎರಡು–ಮೂರು ಅಡಿ ಇಳಿದಿದ್ದರೆ ಅದನ್ನು ಭಾರಕ್ಕೆಂದೇ ಕಟ್ಟಿದ್ದು, ನೆಲದ ಕಾಂಕ್ರೀಟಿನ ಮೇಲೆಯೇ ನಿಂತಿದ್ದರೆ ಬಹುಪಾಲು ಬರೀ ಅಡ್ಡಗೋಡೆ. ಮೇಲಿನ ಮಹಡಿಯಲ್ಲಿ ಅದೇ ಗೆರೆಗೆ ಗೋಡೆ, ಮೆಟ್ಟಿಲು, ಟ್ಯಾಂಕು ಇದೆಯೇ ಅಳೆದು ನೋಡಿ. ನಕ್ಷೆ ಇದ್ದರೆ ಒಳ್ಳೆಯದು, ಆದರೆ ನಕ್ಷೆಯಂತೆಯೇ ಕಟ್ಟಿರುತ್ತಾರೆ ಎನ್ನುವಂತಿಲ್ಲ. ಇದೆಲ್ಲ ನೋಡಿದ ಮೇಲೂ ಕೊನೆಯ ಮಾತು ಸ್ಟ್ರಕ್ಚರಲ್ ಎಂಜಿನಿಯರರದ್ದೇ ಆಗಿರಬೇಕು.

ಭಾರದ ಗೋಡೆಯನ್ನೂ ತೆಗೆಯಬಹುದು, ಬದಲಿಗೆ ಬೀಮ್ ಕೊಟ್ಟು. ಮೊದಲು ಎರಡೂ ಪಕ್ಕ, ಗೋಡೆಯಿಂದ ಎರಡು–ಮೂರು ಅಡಿ ದೂರದಲ್ಲಿ, 3 ಅಡಿಗೊಂದರಂತೆ ಕಬ್ಬಿಣದ ಜಾಕ್ ನಿಲ್ಲಿಸಬೇಕು. ಮೇಲೆ ಅಡ್ಡ ತೊಲೆ, ಕೆಳಗೆ ದಪ್ಪ ಹಲಗೆ. ತುಂಡು ಜೋಡಿಸಿದ ಸರ್ವೆ ಕಟ್ಟಿಗೆ ಈ ಕೆಲಸಕ್ಕೆ ಬೇಡ. ಜಾಕ್ ಬಿಗಿಯಾಗಿ ತಾಗಿದರೆ ಸಾಕು, ಎತ್ತಲು ಹೋದರೆ ಸ್ಲ್ಯಾಬ್ ಮೇಲ್ಗಡೆ ಸೀಳುತ್ತದೆ. ಮೇಲೆಯೂ ಗೋಡೆ ಇದ್ದರೆ ಪಕ್ಕದ ಜಾಕುಗಳು ಅದನ್ನು ಹಿಡಿಯವು, ಗೋಡೆಗೇ ತೂತು ಕೊರೆದು ಅಡ್ಡಲಾಗಿ ಗರ್ಡರ್ ತುಂಡು ತೂರಿಸಬೇಕಾಗುತ್ತದೆ. 9 ಇಂಚಿನ ಗೋಡೆಗೆ ಎರಡು ಕಬ್ಬಿಣದ ಚಾನೆಲ್ (‘C’ ಆಕಾರದ ತೊಲೆ) ಅನುಕೂಲ. ಒಂದು ಮೈಯನ್ನು ಅರ್ಧ ದಪ್ಪಕ್ಕೆ ಕೊರೆದು ಮೊದಲನೆಯದನ್ನು ಕೂರಿಸಿ, ಮೇಲಿನ ಸಂದಿಗೆ ಒಣಗಿದಾಗ ಕುಗ್ಗದ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಮೈ. ಎರಡನ್ನೂ ಬೋಲ್ಟಿನಿಂದ ಬಿಗಿದ ನಂತರವೇ ಕೆಳಗಿನ ಇಟ್ಟಂಗಿ, ಅದೂ ಮೇಲಿನಿಂದ ಒಂದೊಂದೇ ವರಸೆ. ಆರ್‌ಸಿಸಿ ಬೀಮ್ ಆದರೆ 20 ಅಡಿಯೊಳಗಿನ ಅಂತರಕ್ಕೆ, ಜಾಕ್ ತೆಗೆಯುವ ಮುನ್ನ ಕಾಯಲು ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ) ಹೇಳುವ ಕನಿಷ್ಠ ಅವಧಿ 14 ದಿನ. ಇಂದು ಮನೆ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟ್ ನಿಧಾನಕ್ಕೆ ಬಲಿಯುವುದರಿಂದ 21 ದಿನ ಜಾಕ್ ತೆಗೆಯದೆ ಇಡುವುದು ಲೇಸು.

ಎರೆ ನೆಲದಲ್ಲಿ ಇನ್ನೊಂದು ತೊಡಕಿದೆ. ಉದ್ದಕ್ಕೂ ಹಂಚಿಹೋಗುತ್ತಿದ್ದ 4 ಟನ್ ಈಗ ಬೀಮಿನ ಎರಡು ತುದಿಗೆ ಎರಡೆರಡು ಟನ್ ಆಗಿ ಇಳಿಯುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಯಲ್ಲಿ ಆ ತುದಿಗಳೇ ಕುಸಿಯುತ್ತವೆ. ಬೀಮ್ ಕೂರುವಲ್ಲಿ 6 ಇಂಚು ದಪ್ಪದ ಕಾಂಕ್ರೀಟ್ ದಿಂಬು, ಬೀಮಿನ ತುದಿ ಗೋಡೆಯ ಮೇಲೆ ಕನಿಷ್ಠ 9 ಇಂಚು ಊರಿರುವುದು, ಮೂಲೆಯಲ್ಲಿ ಒಂದೂವರೆ–ಎರಡು ಅಡಿ ಗೋಡೆ ಉಳಿಸುವುದು, ಪಾಯ ಸಾಲದಿದ್ದರೆ ಹೊಸ ಪಾಯ: ಖರ್ಚು ಉಳಿಸಲು ಬಿಡುವುದು ಇವನ್ನೇ. ಉಳಿಸಿದ ಆ ತುಂಡು ಗೋಡೆ ಹೊರಗೋಡೆಯನ್ನೂ ಹಿಡಿದಿಡುತ್ತದೆ.

ಕೆಲಸದ ನಡುವೆ ಪಕ್ಕದ ಕೋಣೆಯ ಬಾಗಿಲು ಬಿಗಿಯಾಯಿತು, ಸೀಲಿಂಗಿನಿಂದ ಗಾರೆಪುಡಿ ಉದುರಿತು ಎಂದರೆ ಗೋಡೆ ಒಡೆಯುವ ಬ್ರೇಕರ್ ಯಂತ್ರ ನಿಲ್ಲಿಸಿ ಎಲ್ಲರೂ ಹೊರಬರಬೇಕು. ಹಳೆಯ ಬಿರುಕಿನ ಮೇಲೆ ಮೊದಲೇ ಗಾಜಿನ ಚೂರನ್ನು ಎರಡೂ ಬದಿ ಸಿಮೆಂಟಿನಿಂದ ಅಂಟಿಸಿಟ್ಟಿದ್ದರೆ, ಬಿರುಕು ಕದಲಿದ ಕ್ಷಣ ಗಾಜು ಒಡೆದು ತಿಳಿಸುತ್ತದೆ.

ಮನೆಯ ಮುಂಭಾಗವನ್ನು ಅಂಗಡಿ ಮಾಡಿ ವ್ಯಾಪಾರ ಪರವಾನಗಿಗೆ ಅರ್ಜಿ ಹಾಕಿದಾಗ, ಒಳಗೋಡೆ ತೆಗೆದಿದ್ದರೆ ಎಂಜಿನಿಯರರ ಸಹಿಯುಳ್ಳ ಪ್ರಮಾಣಪತ್ರವನ್ನು ಸ್ಥಳೀಯ ಸಂಸ್ಥೆಗಳು ಕಡ್ಡಾಯವಾಗಿ ಕೇಳಬೇಕು. ಗೌಂಡಿಗಳೂ ಆ ಕಾಗದ ಕೈಗೆ ಬರುವವರೆಗೆ ಸುತ್ತಿಗೆ ಎತ್ತಬಾರದು. ಸ್ಲ್ಯಾಬಿನ ಕೆಳಗೆ ಮೊದಲು ನಿಲ್ಲುವವರು ಅವರೇ.

ಇಂತಿ,
ಕಟ್ಟಡ ವಿನ್ಯಾಸ ಎಂಜಿನಿಯರರು, ರಾಯಚೂರು