ಕೊನೆಯ ಅಧ್ಯಾಯವೂ ಮುಗಿಯಿತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ಶನಿವಾರ ಬಸವನಗುಡಿಯ ಮೇಷ್ಟ್ರ ಮನೆ ಮಹಡಿಯಲ್ಲಿ ‘ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್’ ಎರಡನೇ ಸಂಪುಟದ 32ನೇ ಅಧ್ಯಾಯ, ಅಂದರೆ ಕೊನೆಯದು, ಓದಿ ಮುಗಿಸಿದೆವು. ಗ್ಯಾರಿ ರೈಟ್ ಮತ್ತು ರಿಚರ್ಡ್ ಸ್ಟೀವನ್ಸ್ 1995ರಲ್ಲಿ ತಂದ ಪುಸ್ತಕ; ಇಂಟರ್ನೆಟ್ಟಿನ ಮೂಲ ನಿಯಮಗಳಾದ ಟಿಸಿಪಿ/ಐಪಿ ಕೋಡಿನಲ್ಲಿ ಹೇಗೆ ನಡೆಯುತ್ತವೆ ಎಂದು ತೋರಿಸುತ್ತದೆ. ಬರ್ಕ್ಲಿ ವಿಶ್ವವಿದ್ಯಾಲಯದ ಆಪರೇಟಿಂಗ್ ಸಿಸ್ಟಂ 4.4ಬಿಎಸ್‌ಡಿ-ಲೈಟ್‌ನ ನೆಟ್‌ವರ್ಕಿಂಗ್ ಕೋಡ್, ಸುಮಾರು 15,000 ಸಾಲು, ಅದರೊಳಗೇ ಅಚ್ಚಾಗಿದೆ. ಇಷ್ಟು ದಪ್ಪದ್ದನ್ನು ಒಬ್ಬಳೇ ಕೂತು ಓದುವ ಜಾಯಮಾನ ನನ್ನದಲ್ಲ.

ಮೊದಲ ನಮಸ್ಕಾರ ಮೇಷ್ಟ್ರಿಗೆ. ನಿವೃತ್ತ ಎಂಜಿನಿಯರ್. “ಹೆಸರುಗಿಸರು ಹಾಕ್ಬೇಡಮ್ಮ” ಅಂದಿದ್ದಾರೆ, ಹಾಕುವುದಿಲ್ಲ. ಎಂಬಫ್ (ಪ್ಯಾಕೆಟ್, ಅಂದರೆ ನೆಟ್‌ವರ್ಕಿನಲ್ಲಿ ಸಾಗುವ ಡೇಟಾ ತುಣುಕನ್ನು, ಇಡುವ ಮೆಮೊರಿಯ ಪುಟ್ಟ ಡಬ್ಬಿ) ಅಧ್ಯಾಯದಲ್ಲಿ ನಾವೆಲ್ಲ ಅದರ 128 ಬೈಟಿನಲ್ಲಿ ಡೇಟಾಗೆ ಉಳಿಯುವುದು 108ಓ 100ಓ ಎಂದು ಲೆಕ್ಕ ಹಾಕುತ್ತಿದ್ದರೆ, ಅವರು ಕೇಳಿದ್ದು ಒಂದೇ: “ಈ ಸಾಲಿನಲ್ಲಿ ಪ್ಯಾಕೆಟ್ ಯಾರ ಸುಪರ್ದಿನಲ್ಲಿದೆ? ಫ್ರೀ ಮಾಡಬೇಕಾದವರು ಯಾರು?” ಫ್ರೀ ಅಂದರೆ ಬಳಸಿದ ಮೆಮೊರಿಯನ್ನು ವಾಪಸ್ ಬಿಟ್ಟುಕೊಡುವುದು.

ಅಲ್ಲಿಂದ ಓದುವ ರೀತಿಯೇ ಬೇರೆಯಾಯಿತು. ಎಂ_ಪುಲ್‌ಅಪ್ ಎಂಬ ಫಂಕ್ಷನ್ ತೆಗೆದುಕೊಳ್ಳಿ. ಎರಡು ಮೂರು ಎಂಬಫ್‌ಗಳಲ್ಲಿ ಹಂಚಿಹೋದ ಹೆಡರನ್ನು (ಪ್ಯಾಕೆಟ್ಟಿನ ಮುಂಭಾಗದ ವಿವರಗಳನ್ನು) ಒಂದರಲ್ಲೇ ಸೇರಿಸಿಕೊಡುವುದು ಅದರ ಕೆಲಸ. ಆಗಲಿಲ್ಲವೆಂದರೆ ಬರೀ ನಲ್ (ಏನೂ ಇಲ್ಲವೆಂಬ ಗುರುತು) ಕೊಟ್ಟು ಸುಮ್ಮನಾಗುವುದಿಲ್ಲ, ಎಂಬಫ್‌ಗಳ ಇಡೀ ಸರಪಳಿಯನ್ನು ತಾನೇ ಫ್ರೀ ಮಾಡಿರುತ್ತದೆ. ಕರೆದವರು ಮತ್ತೊಮ್ಮೆ ಫ್ರೀ ಮಾಡಹೊರಟರೆ ಕೆಟ್ಟರು. ಟಿಸಿಪಿ_ಇನ್‌ಪುಟ್ ಎಂಬ, ಬಂದ ಟಿಸಿಪಿ ಪ್ಯಾಕೆಟ್‌ಗಳನ್ನು ನಿಭಾಯಿಸುವ, ಸಾವಿರ ಸಾಲು ದಾಟಿದ, ‘ಗೋಟು’ (ಬೇರೆ ಸಾಲಿಗೆ ಹಾರುವ ಆದೇಶ) ತುಂಬಿದ ಫಂಕ್ಷನ್ನಿಗೂ ನಾವು ಇದೇ ಪ್ರಶ್ನೆ ಹಿಡಿದು ಇಳಿದೆವು. ‘ಡ್ರಾಪ್’ ಲೇಬಲ್ಲಿಗೆ ಹೋದರೆ ಪ್ಯಾಕೆಟ್ ಅಲ್ಲೇ ಖಲಾಸ್. ‘ಡ್ರಾಪ್‌ವಿತ್‌ರೀಸೆಟ್’ಗೆ ಹೋದರೆ, ಬಂದ ಎಂಬಫ್ಫನ್ನೇ ಆರ್‌ಎಸ್‌ಟಿ (ಕನೆಕ್ಷನ್ ಕಡಿಯುವ ಸಂದೇಶ) ಕಳಿಸಲು ಮತ್ತೆ ಬಳಸುತ್ತಾರೆ! ಇದು ಕಂಡ ದಿನ ಮಹಡಿಯಲ್ಲಿ ಎದ್ದ ಗಲಾಟೆಗೆ ಕೆಳಗಿನ ಮನೆಯವರ ಕ್ಷಮೆ ಇರಲಿ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಿಗೆ, ಇನ್ನೂ ಕಾಲೇಜು ಮುಗಿಯದ ಹುಡುಗನಿಗೆ, ದೊಡ್ಡ ಥ್ಯಾಂಕ್ಸ್ ಕಣೋ. ಪ್ರತಿ ವಾರವೂ ಅದೇ ಬಿಎಸ್‌ಡಿ ವಂಶದ ಫ್ರೀಬಿಎಸ್‌ಡಿಯ ಇವತ್ತಿನ ಕೋಡ್ ತೆರೆದು ಪುಸ್ತಕದ ಪಕ್ಕ ಇಟ್ಟವನು ಅವನು. ಎಂಬಫ್ ಈಗ 256 ಬೈಟ್. ಇಂಟರಪ್ಟ್‌ಗಳನ್ನು (ನಡುವೆ ಬರುವ ಹಾರ್ಡ್‌ವೇರ್ ಕರೆಗಳನ್ನು) ತಡೆಹಿಡಿಯುತ್ತಿದ್ದ ಸ್ಪ್ಲ್‌ನೆಟ್ ಜಾಗದಲ್ಲಿ ಲಾಕ್‌ಗಳು. 500 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕನೆಕ್ಷನ್‌ಗಳನ್ನೂ ಸುತ್ತಿ ಬರುತ್ತಿದ್ದ ಟೈಮರ್ ಹೋಗಿ ಕನೆಕ್ಷನ್ನಿಗೊಂದು ಕಾಲ್‌ಔಟ್, ಅಂದರೆ ಅದರದೇ ಟೈಮರ್. ಹಳೆ ಪುಸ್ತಕ ಯಾಕೆ ಓದ್ತೀರಿ ಅಂತ ಕೇಳುವವರಿಗೆ ನನ್ನ ಉತ್ತರ ಇದೇ: ಹಳೆಯದು ಗೊತ್ತಿದ್ದರೆ ಹೊಸದರಲ್ಲಿ ಏನು, ಯಾಕೆ ಬದಲಾಯಿತೆಂದು ಕಾಣುತ್ತದೆ.

1989ರಲ್ಲೇ ನೆಟ್‌ವರ್ಕಿಂಗ್ ಕೋಡನ್ನು ಬೇರೆ ಮಾಡಿ ಮುಕ್ತವಾಗಿ ಬಿಟ್ಟುಕೊಟ್ಟ ಬರ್ಕ್ಲಿಯವರಿಗೂ ಋಣಿ. ಸ್ಟೀವನ್ಸ್ 1999ರಲ್ಲೇ ತೀರಿಕೊಂಡರು. ಅವರಿಗೆ ಹೇಳಬೇಕಾದ್ದನ್ನು ಹೇಳುವ ದಾರಿಯಿಲ್ಲ.

ಇನ್ನು ಅತ್ತೆ. ಶನಿವಾರ ಬಂದರೆ ಮಗುವನ್ನು ಎತ್ತಿಕೊಂಡು “ನಡಿ, ನಿನ್ ಪಾರಾಯಣಕ್ಕೆ ಹೊತ್ತಾಯ್ತು” ಅಂತ ನನ್ನನ್ನು ಹೊರಗೆ ಅಟ್ಟುತ್ತಿದ್ದರು. ಮುಂದಿನ ತಿಂಗಳಿಂದ ನಾನು ಆಫೀಸಿನಲ್ಲಿ ಟೆಸ್ಟಿಂಗ್ ಬಿಟ್ಟು ಡ್ರೈವರ್ (ಹಾರ್ಡ್‌ವೇರ್ ನಡೆಸುವ ಕೋಡ್) ತಂಡಕ್ಕೆ ಹೋಗುತ್ತಿದ್ದೇನೆ. ಅದರಲ್ಲಿ ಅರ್ಧ ಪಾಲು ಅವರದು.

ಯುಗಾದಿ ಕಳೆದ ಮೇಲೆ ಲಿನಕ್ಸ್‌ನ ಎಸ್‌ಕೆ_ಬಫ್, ಅಂದರೆ ಅಲ್ಲಿನ ಎಂಬಫ್, ಶುರು. ಅಲ್ಲಿ ಒಂದೇ ಡೇಟಾವನ್ನು ಇಬ್ಬರು ಹಂಚಿಕೊಳ್ಳುವ ಕ್ಲೋನ್ ಬೇರೆ ಇದೆಯಂತೆ, ತಲೆ ಕೆಡುವುದು ಖಂಡಿತ. ಸಿ ಪಾಯಿಂಟರ್ ಗೊತ್ತಿರುವವರು ಯಾರು ಬೇಕಾದರೂ ಬನ್ನಿ, ಕಾಫಿ ಇರುತ್ತದೆ.